ರಾಯಚೂರಿನಲ್ಲಿ ಅವಳಿ ಸ್ಕ್ಯಾನ್: ಒಂದು ಸೆಂಟರಿನ ಸೇವೆ ಹೇಗಿದೆ

ಎರಡನೇ ತಿಂಗಳ ಸ್ಕ್ಯಾನಿನಲ್ಲಿ ‘ಜೋಡಿ ಕೂಸು ಅದಾವ’ ಅಂತ ಗೊತ್ತಾದ ದಿನ ಮನೆಮಂದಿ ಕೇಳುವ ಮೊದಲ ಮಾತು, ‘ಎರಡೂ ಒಂದೇ ಥರಾ ಇರ್ತಾವೇನ್ರಿ?’ ಅದೇ ಹೊತ್ತಿಗೆ ಸ್ಕ್ಯಾನ್ ಮಾಡುವ ಡಾಕ್ಟರು ಪರದೆಯ ಮೇಲೆ ಹುಡುಕಬೇಕಾದ್ದು ಬೇರೆಯದು: ಮಾಸು, ಅಂದರೆ ಪ್ಲಾಸೆಂಟಾ, ಒಂದೋ, ಎರಡೋ? ಈ ಎರಡು ಪ್ರಶ್ನೆಗಳಿಗೆ ನಂಟಿದೆ, ಆದರೆ ಎರಡೂ ಒಂದೇ ಪ್ರಶ್ನೆ ಅಲ್ಲ. ರಾಯಚೂರು ನಗರದ ಒಂದು ಖಾಸಗಿ ಸ್ಕ್ಯಾನ್ ಸೆಂಟರ್ ಅವಳಿ ಬಸುರಿಗೆಂದೇ ಪ್ರತ್ಯೇಕ ಸ್ಕ್ಯಾನ್ ಕೊಡುತ್ತದೆ. ಆ ಸೇವೆಯ ವಿಮರ್ಶೆ ಇದು. ಇದೇ ಅಳತೆಗೋಲು ಹಿಡಿದು ಬಳ್ಳಾರಿ, ಕೊಪ್ಪಳ, ಗಂಗಾವತಿ, ಸಿಂಧನೂರಿನ ಸೆಂಟರುಗಳನ್ನೂ ತೂಗಿ ನೋಡಬಹುದು ಎಂದು ಸೆಂಟರಿನ ಹೆಸರು ಬಿಟ್ಟಿದ್ದೇವೆ.

ತೀರ್ಪು ಮೊದಲೇ ಹೇಳಿಬಿಡುತ್ತೇವೆ. 11ರಿಂದ 14 ವಾರದೊಳಗಿನ ಮೊದಲ ಅವಳಿ ಸ್ಕ್ಯಾನ್ ಇಲ್ಲಿ ನಂಬಿಕೆಗೆ ಯೋಗ್ಯವಾಗಿದೆ. ರಿಪೋರ್ಟು ಬರೆಯುವ ಕ್ರಮದಲ್ಲಿ ದೊಡ್ಡ ದೋಷವಿದೆ. 16ನೇ ವಾರದ ನಂತರದ ಮುಂದುವರಿದ ಸ್ಕ್ಯಾನುಗಳು ಅರೆಬರೆ.

ಮಾಸಿನ ಲೆಕ್ಕಕ್ಕೆ ಇಷ್ಟು ಮಹತ್ವ ಯಾಕೆ ಎಂಬುದು ತಿಳಿಯಬೇಕಾದರೆ ಅವಳಿ ಆಗುವ ಬಗೆ ತಿಳಿಯಬೇಕು. ದಾರಿ ಎರಡು. ಒಂದೇ ತಿಂಗಳು ಎರಡು ಅಂಡ ಬಿಡುಗಡೆಯಾಗಿ, ಎರಡಕ್ಕೂ ಬೇರೆ ಬೇರೆ ವೀರ್ಯಾಣು ಸೇರಿದರೆ ಆಗುವವರು ಒಂದೇ ಬಸಿರಿನಲ್ಲಿ ಬೆಳೆದ ಮಾಮೂಲಿ ಒಡಹುಟ್ಟಿದವರು. ಇಬ್ಬರ ಜೀನುಗಳಲ್ಲಿ ಸರಾಸರಿ ಅರ್ಧದಷ್ಟು ಸಮಾನ. ತಾಯಿಯ ವಯಸ್ಸು ಮೂವತ್ತು ದಾಟಿದಂತೆ, ತಾಯಿಯ ಕಡೆ ವಂಶದಲ್ಲಿ ಇಂಥ ಅವಳಿ ಇದ್ದರೆ, ಅಂಡ ಬೆಳೆಸುವ ಮಾತ್ರೆ ಇಂಜೆಕ್ಷನ್ನು ತೆಗೆದುಕೊಂಡಿದ್ದರೆ ಈ ಬಗೆಯ ಅವಳಿ ಹೆಚ್ಚು. ಎರಡನೆಯ ದಾರಿಯಲ್ಲಿ ಅಂಡ ಒಂದೇ, ವೀರ್ಯಾಣು ಒಂದೇ. ಎರಡೂ ಸೇರಿ ಆದ ಒಂದೇ ಭ್ರೂಣ ಮೊದಲ ಎರಡು ವಾರದೊಳಗೆ ಎರಡಾಗುತ್ತದೆ. ತದ್ರೂಪಿ ಅವಳಿ ಎಂದರೆ ಇವರು. ಲೋಕದ ಯಾವ ಮೂಲೆಯಲ್ಲಿ ಎಣಿಸಿದರೂ ಸಾವಿರ ಹೆರಿಗೆಗೆ ಮೂರೂವರೆಯಿಂದ ನಾಲ್ಕರ ಆಸುಪಾಸು ಇವರ ಪ್ರಮಾಣ. ಮೊದಲ ಬಗೆಯ ಅವಳಿ ಊರಿಂದೂರಿಗೆ, ಜನಾಂಗದಿಂದ ಜನಾಂಗಕ್ಕೆ ಏರಿಳಿಯುತ್ತದೆ. ತದ್ರೂಪಿ ಅವಳಿ ಹೆಚ್ಚುಕಡಿಮೆ ಒಂದೇ ಸಮ ನಿಲ್ಲುತ್ತದೆ. ವಂಶಕ್ಕೂ ಇದಕ್ಕೂ ಸಾಮಾನ್ಯವಾಗಿ ಸಂಬಂಧವಿಲ್ಲ. ಜೋಡಿ ಬಾಳೆಹಣ್ಣು ತಿಂದದ್ದಕ್ಕೂ ಸಂಬಂಧವಿಲ್ಲ. ಆ ಹಣ್ಣನ್ನು ಯಾರು ಬೇಕಾದರೂ ನಿಶ್ಚಿಂತೆಯಿಂದ ತಿನ್ನಬಹುದು. ಟೆಸ್ಟ್ ಟ್ಯೂಬ್ ಚಿಕಿತ್ಸೆಯಲ್ಲಿ ಭ್ರೂಣವನ್ನು ಐದನೇ ದಿನದವರೆಗೆ ಹೊರಗೆ ಬೆಳೆಸಿ ಗರ್ಭಕೋಶಕ್ಕೆ ಬಿಟ್ಟಾಗ ಮಾತ್ರ ತದ್ರೂಪಿ ಅವಳಿಯ ಪ್ರಮಾಣ ಸ್ವಲ್ಪ ಏರುವುದು ಕಂಡುಬಂದಿದೆ. ಒಂದೇ ಭ್ರೂಣ ಬಿಟ್ಟರೂ ಎರಡು ಕೂಸು ಆಗುವುದು ಹೀಗೆ.

ಭ್ರೂಣ ಯಾವ ದಿನ ಎರಡಾಯಿತು ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ. ಅಣ್ಣತಮ್ಮಂದಿರು ಬೇರೆಯಾಗುವುದನ್ನು ನೆನೆದುಕೊಂಡರೆ ಇದು ಸುಲಭವಾಗಿ ತಿಳಿಯುತ್ತದೆ. ಮನೆ ಕಟ್ಟುವ ಮುಂಚೆಯೇ ಪಾಲಾದರೆ ಮನೆ ಎರಡು, ಅಂಗಳ ಎರಡು. ಹೊರಗೋಡೆ ಎದ್ದ ಮೇಲೆ ಪಾಲಾದರೆ ಮನೆ ಒಂದೇ, ಒಳಗೆ ಅಡ್ಡಗೋಡೆ. ಒಳಗಿನ ಕೋಣೆಯೂ ಮುಗಿದ ಮೇಲೆ ಪಾಲಾದರೆ ಒಂದೇ ಕೋಣೆಯಲ್ಲಿ ಇಬ್ಬರ ವಾಸ. ಭ್ರೂಣದಲ್ಲಿ ಹೊರಗೋಡೆ ಎಂದರೆ ಕೋರಿಯಾನ್ ಎಂಬ ಹೊರಪೊರೆ. ಅದರಿಂದಲೇ ಮಾಸು ಬೆಳೆಯುತ್ತದೆ. ಅದಕ್ಕೆ ಮೀಸಲಾದ ಜೀವಕೋಶಗಳು ಅಂಡ-ವೀರ್ಯಾಣು ಸೇರಿದ ನಾಲ್ಕನೇ ದಿನದ ಹೊತ್ತಿಗೆ ಬೇರೆಯಾಗಿರುತ್ತವೆ. ಒಳಕೋಣೆ ಎಂದರೆ ಆಮ್ನಿಯಾನ್ ಎಂಬ ನೀರಿನ ಚೀಲ. ಅದು ಎಂಟನೇ ದಿನದ ಸುಮಾರಿಗೆ ರೂಪುಗೊಳ್ಳುತ್ತದೆ. ಹಾಗಾಗಿ ಮೊದಲ ಮೂರು ದಿನದೊಳಗೆ ಎರಡಾದರೆ ಮಾಸೂ ಎರಡು, ಚೀಲವೂ ಎರಡು. ರಿಪೋರ್ಟಿನ ಭಾಷೆಯಲ್ಲಿ ಡಿಸಿಡಿಎ. ನಾಲ್ಕರಿಂದ ಎಂಟನೇ ದಿನದೊಳಗಾದರೆ ಮಾಸು ಒಂದು, ಚೀಲ ಎರಡು, ಇದು ಎಂಸಿಡಿಎ. ತದ್ರೂಪಿ ಅವಳಿಗಳಲ್ಲಿ ಮೂರರಲ್ಲಿ ಎರಡು ಪಾಲು ಈ ಬಗೆಯವು. ಎಂಟರಿಂದ ಹದಿಮೂರನೇ ದಿನದೊಳಗಾದರೆ ಮಾಸೂ ಒಂದು, ಚೀಲವೂ ಒಂದು. ಇದು ಎಂಸಿಎಂಎ, ಬಲು ಅಪರೂಪ. ಅದಕ್ಕೂ ತಡವಾದರೆ ದೇಹದ ಅಕ್ಷ ಮೂಡಲು ಶುರುವಾಗಿರುತ್ತದೆ, ಬೇರ್ಪಡುವುದು ಪೂರ್ತಿಯಾಗುವುದಿಲ್ಲ. ಸಯಾಮಿ ಅವಳಿಗಳು ಹೀಗೆ ಆಗುತ್ತವೆ.

ಈ ದಿನಗಳ ಲೆಕ್ಕವನ್ನು ಯಾರೂ ಗರ್ಭಕೋಶದೊಳಗೆ ಕಣ್ಣಾರೆ ನೋಡಿ ಬರೆದದ್ದಲ್ಲ. ಹೆರಿಗೆಯ ನಂತರ ಪೊರೆಗಳನ್ನು ಪರೀಕ್ಷಿಸಿ ಹಿಂದಕ್ಕೆ ಎಣಿಸಿ ಮಾಡಿದ ಅಂದಾಜು ಅದು. ಬೇರ್ಪಡುವಿಕೆ ಇನ್ನೂ ಮುಂಚೆಯೇ ನಿರ್ಧಾರವಾಗಿರುತ್ತದೆ ಎಂದು ವಾದಿಸುವ ವಿಜ್ಞಾನಿಗಳೂ ಇದ್ದಾರೆ. ಭ್ರೂಣ ಎರಡಾಗಲು ಕಾರಣ ಏನು ಎಂಬುದಕ್ಕೆ ಇವತ್ತಿಗೂ ಒಪ್ಪಿತವಾದ ಉತ್ತರವಿಲ್ಲ. 2021ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಸಂಶೋಧಕರು ತದ್ರೂಪಿ ಅವಳಿಗಳ ಡಿಎನ್‌ಎ ಮೇಲೆ 834 ಜಾಗಗಳಲ್ಲಿ ಒಂದೇ ಬಗೆಯ ರಾಸಾಯನಿಕ ಗುರುತು ಉಳಿದಿರುವುದನ್ನು ತೋರಿಸಿದರು. ಆ ಗುರುತು ಎರಡಾಗಲು ಕಾರಣವೋ, ಎರಡಾದದ್ದರ ಕಲೆಯೋ ಎಂಬುದು ಇತ್ಯರ್ಥವಾಗಿಲ್ಲ. ನೈನ್-ಬ್ಯಾಂಡೆಡ್ ಆರ್ಮಡಿಲ್ಲೋ ಎಂಬ ಅಮೆರಿಕದ ಪ್ರಾಣಿ ಹೆಚ್ಚುಕಡಿಮೆ ಪ್ರತಿ ಸಲವೂ ಒಂದೇ ಭ್ರೂಣದಿಂದ ನಾಲ್ಕು ತದ್ರೂಪಿ ಮರಿ ಹಾಕುತ್ತದೆ. ಅದಕ್ಕೆ ನಿಯಮವಾದದ್ದು ಮನುಷ್ಯರಲ್ಲಿ ಏಕೆ ಆಕಸ್ಮಿಕವಾಗಿದೆ ಎಂಬುದು ಈ ವಿಷಯದ ಅತ್ಯಂತ ಚೆಂದದ ಪ್ರಶ್ನೆ.

ಈಗ ಸ್ಕ್ಯಾನ್ ಕೋಣೆಗೆ ಬರೋಣ. ಅವಳಿ ಎಂದು ಹೇಳಿ ಸಮಯ ಕಾದಿರಿಸಿದರೆ ಈ ಸೆಂಟರಿನಲ್ಲಿ ಒಂಟಿ ಕೂಸಿಗೆ ಕೊಡುವುದರ ಎರಡರಷ್ಟು ಹೊತ್ತು ಕೊಡುತ್ತಾರೆ. ಇದು ಸರಿಯಾದ ಪದ್ಧತಿ. ಅವಳಿಯ ಎನ್‌ಟಿ ಸ್ಕ್ಯಾನನ್ನು (11ರಿಂದ 14 ವಾರದ ಈ ಮೊದಲ ಸ್ಕ್ಯಾನ್) ಹದಿನೈದು ನಿಮಿಷದಲ್ಲಿ ಮುಗಿಸಿದರೆ ಏನೋ ಬಿಟ್ಟುಹೋಗಿದೆ ಎಂದೇ ಅರ್ಥ. ಕೂಸುಗಳು ತಿರುಗುವವರೆಗೆ ಕಾಯಬೇಕು, ಒಮ್ಮೊಮ್ಮೆ ಎಬ್ಬಿಸಿ ನಡೆದಾಡಿಸಿ ಮತ್ತೆ ಮಲಗಿಸಬೇಕು. ದರ ಒಂಟಿ ಕೂಸಿನ ಸ್ಕ್ಯಾನಿಗಿಂತ ಹೆಚ್ಚು, ಮಾಡುವ ಕೆಲಸ ನೋಡಿದರೆ ಅದು ನ್ಯಾಯವೇ. ಕೌಂಟರಿನಲ್ಲಿ ಮಾತ್ರ ಎಲ್ಲರಿಗೂ ಒಂದೇ ಮಾತು: ‘ಒಂದು ಬಾಟ್ಲಿ ನೀರು ಕುಡಿದು ಕೂಡ್ರಿ.’ ಹನ್ನೆರಡನೇ ವಾರದಲ್ಲಿ ಮೂತ್ರಚೀಲ ಅರ್ಧ ತುಂಬಿದ್ದರೆ ಸಾಕು. ಉಬ್ಬಿದ ಮೂತ್ರಚೀಲ ಗರ್ಭಕೋಶವನ್ನು ಮೇಲಕ್ಕೆ ತಳ್ಳಿ ಚಿತ್ರ ಕೆಡಿಸುತ್ತದೆ, ಬಸುರಿಗೂ ಹಿಂಸೆ.

ಕ್ರಮ ಹೀಗಿದೆ. ಮೊದಲು ಗರ್ಭಕೋಶವನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ಪೂರ್ತಿ ಸವರಿ ನೋಡಿ, ಕೂಸು ಎಷ್ಟು, ಗುಂಡಿಗೆ ಬಡಿತ ಎಷ್ಟು ಎಂದು ಎಣಿಸುತ್ತಾರೆ. ಆಮೇಲೆ ತಲೆಯಿಂದ ಕುಂಡಿಯವರೆಗಿನ ಉದ್ದ, ಸಿಆರ್‌ಎಲ್, ಎರಡಕ್ಕೂ ಬೇರೆ ಬೇರೆ. ಈ ಉದ್ದ 45ರಿಂದ 84 ಮಿಲಿಮೀಟರಿನೊಳಗಿದ್ದರೆ ಸ್ಕ್ಯಾನಿಗೆ ತಕ್ಕ ಸಮಯ. ಮುಟ್ಟಿನ ದಿನ ನಿಖರವಾಗಿ ನೆನಪಿಲ್ಲದಿದ್ದರೆ ದೊಡ್ಡ ಕೂಸಿನ ಅಳತೆಯಿಂದ ವಾರ ಲೆಕ್ಕ ಹಾಕಬೇಕು. ಚಿಕ್ಕದರ ಅಳತೆ ಹಿಡಿದರೆ ಬೆಳವಣಿಗೆ ಕುಂಠಿತವಾದ ಕೂಸು ಸಹಜವಾಗಿದೆ ಎಂಬ ಭ್ರಮೆ ಮುಂದಿನ ಆರು ತಿಂಗಳೂ ಉಳಿಯುತ್ತದೆ. ಇಲ್ಲಿ ದೊಡ್ಡದನ್ನೇ ಹಿಡಿಯುತ್ತಾರೆ.

ನಂತರ ಬರುವುದೇ ಈ ಸ್ಕ್ಯಾನಿನ ತಿರುಳು. ಎರಡು ಕೂಸುಗಳ ನಡುವಿನ ಪೊರೆ ಮಾಸಿಗೆ ಅಂಟುವ ಬುಡವನ್ನು ಹುಡುಕಬೇಕು. ಮಾಸು ಎರಡಿದ್ದರೆ ಅವುಗಳ ಅಂಗಾಂಶ ಪೊರೆಯ ಬುಡದೊಳಕ್ಕೆ ಬೆಣೆಯಂತೆ ಏರಿರುತ್ತದೆ. ಹುತ್ತದ ಬುಡದಂತೆ ಅಗಲವಾಗಿ ಶುರುವಾಗಿ ಮೇಲೆ ಚೂಪಾಗುತ್ತದೆ. ಇದನ್ನು ಗ್ರೀಕ್ ಅಕ್ಷರದ ಆಕಾರದಿಂದ ಲ್ಯಾಂಬ್ಡಾ ಚಿಹ್ನೆ ಎನ್ನುತ್ತಾರೆ. ಮಾಸು ಒಂದೇ ಆಗಿದ್ದರೆ ನಡುವೆ ಎರಡು ತೆಳು ಆಮ್ನಿಯಾನ್ ಪದರ ಮಾತ್ರ. ಪೊರೆ ಬೆಣೆಯಿಲ್ಲದೆ ನೆಟ್ಟಗೆ, ತೊಲೆಗೆ ಕಂಬ ಕೂಡಿಸಿದ ಹಾಗೆ, ಮಾಸಿನ ಮೇಲೆ ನಿಂತಿರುತ್ತದೆ. ಇದು ಟಿ ಚಿಹ್ನೆ. ಪೊರೆಯ ಮೇಲೆ ಧ್ವನಿ ತರಂಗ ಅಡ್ಡವಾಗಿ ಬೀಳುವಂತೆ ಪ್ರೋಬನ್ನು ತಿರುಗಿಸಿದರೆ ಮಾತ್ರ ಬುಡ ಸ್ಪಷ್ಟವಾಗುತ್ತದೆ. ಉದ್ದಕ್ಕೆ ಹಿಡಿದರೆ ತೆಳು ಪೊರೆ ಮಾಯವಾಗುತ್ತದೆ. ಆ ಮಾಯವಾದ ಪೊರೆಯನ್ನೇ ನಂಬಿ ‘ಒಂದೇ ಚೀಲ’ ಎಂದು ಬರೆದರೆ ಮನೆಯವರಿಗೆ ಸುಮ್ಮನೆ ಭಯ. ಪೊರೆ ಕಾಣದಿದ್ದರೆ ಒಳಗಿನಿಂದ ಮಾಡುವ ಟಿವಿಎಸ್ ಸ್ಕ್ಯಾನ್ ಮಾಡಬೇಕು, ಎರಡು ಹೊಕ್ಕುಳಬಳ್ಳಿಗಳು ಒಂದಕ್ಕೊಂದು ಸುತ್ತಿಕೊಂಡಿವೆಯೇ ನೋಡಬೇಕು, ಆಮೇಲಷ್ಟೇ ಆ ಮಾತು ಬರೆಯಬೇಕು. ಈ ಸೆಂಟರಿನ ಡಾಕ್ಟರು ಇದನ್ನು ತಾಳ್ಮೆಯಿಂದ ಮಾಡುತ್ತಾರೆ. ಟಿವಿಎಸ್ ಬೇಕಾದಾಗ ಏಕೆ ಬೇಕು ಎಂದು ಕನ್ನಡದಲ್ಲಿ, ಗದ್ವಾಲ್ ಕಡೆಯಿಂದ ಬಂದವರಿಗೆ ತೆಲುಗಿನಲ್ಲಿ ಹೇಳಿ, ಹೆಣ್ಣು ನರ್ಸನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ಮಾಡುತ್ತಾರೆ. ಇದಕ್ಕೆ ಪೂರ್ಣ ಅಂಕ.

ನಮ್ಮ ದೇಶದಲ್ಲಿ ಈ ಬುಡದ ಚಿಹ್ನೆಗೆ ಬೇರೆ ದೇಶಗಳಿಗಿಂತ ಹೆಚ್ಚಿನ ಬೆಲೆ ಇದೆ. ಹೊರದೇಶಗಳಲ್ಲಿ ಮೊದಲ ಸ್ಕ್ಯಾನಿನಲ್ಲಿ ಮಾಸಿನ ಲೆಕ್ಕ ತಪ್ಪಿದರೂ ಐದನೇ ತಿಂಗಳಲ್ಲಿ ಒಂದು ಗಂಡು ಒಂದು ಹೆಣ್ಣು ಎಂದು ಕಂಡರೆ, ಅಂಡ ಎರಡು, ಹಾಗಾಗಿ ಮಾಸೂ ಎರಡು ಎಂದು ಸರಿಪಡಿಸಿಕೊಳ್ಳುತ್ತಾರೆ. ಇಲ್ಲಿ 1994ರ ಪಿಸಿಪಿಎನ್‌ಡಿಟಿ ಕಾಯ್ದೆಯ ಪ್ರಕಾರ ಲಿಂಗವನ್ನು ಮಾತಿನಲ್ಲಾಗಲಿ, ಸನ್ನೆಯಲ್ಲಾಗಲಿ, ಬೇರಾವುದೇ ರೀತಿಯಲ್ಲಾಗಲಿ ತಿಳಿಸುವಂತಿಲ್ಲ. ಆ ಕಾಯ್ದೆ ಬೇಕೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದ್ದರಿಂದ ‘ಎರಡೂ ಒಂದೇನಾ, ಬೇರೆ ಬೇರೆನಾ ಅಷ್ಟೇ ಹೇಳ್ರಿ’ ಎಂದು ಡಾಕ್ಟರನ್ನು ಕಾಡಬಾರದು. ಲಿಂಗದ ಸುಳಿವು ರಿಪೋರ್ಟಿನಲ್ಲಿ ಇರುವುದಿಲ್ಲವಾದ್ದರಿಂದ ಮಾಸಿನ ಮಾತನ್ನು ಪೊರೆಯ ಬುಡವೇ ಹೇಳಬೇಕು. ಅದು ಚೆನ್ನಾಗಿ ಕಾಣುವುದು 14 ವಾರದೊಳಗೆ. ಆಮೇಲೆ ಬೆಣೆಯ ಅಂಗಾಂಶ ಸವೆಯುತ್ತ ಬರುತ್ತದೆ. ಐದನೇ ತಿಂಗಳಲ್ಲಿ ಕೂಸಿನ ಅಂಗಾಂಗ ನೋಡುವ ಟಿಫ್ಫಾ ಸ್ಕ್ಯಾನಿನ ಹೊತ್ತಿಗೆ ಎರಡು ಮಾಸಿನ ಕೆಲವು ಬಸುರಿಯರಲ್ಲೂ ಲ್ಯಾಂಬ್ಡಾ ಕಾಣದೆ ಹೋಗಬಹುದು. ‘ಐದನೇ ತಿಂಗಳಾಗ ಒಂದೇ ಸಲ ದೊಡ್ಡ ಸ್ಕ್ಯಾನ್ ಮಾಡಿಸಿದರಾತು’ ಎಂಬ ಲೆಕ್ಕಾಚಾರ ಒಂಟಿ ಕೂಸಿನ ಬಸುರಿಗೇ ಒಳ್ಳೆಯದಲ್ಲ, ಅವಳಿಗಂತೂ ಸಲ್ಲದು.

ಇಷ್ಟು ಚೆನ್ನಾಗಿ ನೋಡಿದ್ದನ್ನು ರಿಪೋರ್ಟಿನಲ್ಲಿ ಹಾಳು ಮಾಡುತ್ತಾರೆ ಎಂಬುದೇ ನಮ್ಮ ದೊಡ್ಡ ತಕರಾರು. ಕಂಪ್ಯೂಟರಿನ ಸಿದ್ಧ ನಮೂನೆಯಲ್ಲಿ ‘ಪ್ಲಾಸೆಂಟಾ: ಸಿಂಗಲ್, ಆಂಟೀರಿಯರ್’ ಎಂಬ ಸಾಲು ಒಂಟಿ ಕೂಸಿನ ನಮೂನೆಯಿಂದ ಹಾಗೆಯೇ ಉಳಿದಿರುತ್ತದೆ. ಎರಡು ಮಾಸುಗಳು ಅಕ್ಕಪಕ್ಕದಲ್ಲಿ ನೆಟ್ಟುಕೊಂಡು ಬೆಳೆದಾಗ ಅಂಚು ಕೂಡಿ ಒಂದೇ ಗಡ್ಡೆಯಂತೆ ಕಾಣುತ್ತವೆ. ನೋಡಲು ಒಂದು, ಒಳಗೆ ಎರಡು. ಕೂಡಿಕೊಂಡ ಎರಡು ಮಾಸನ್ನು ಒಂದು ಎಂದು ಬರೆದರೆ ಬೇಡದ ಓಡಾಟ, ಬೇಡದ ಖರ್ಚು, ಬೇಕಿಲ್ಲದೆ ಮುಂಚಿತ ಹೆರಿಗೆ. ನಿಜವಾಗಿ ಒಂದೇ ಇದ್ದದ್ದನ್ನು ಎರಡು ಎಂದು ಬರೆದರೆ ಅಪಾಯ ಬಂದಾಗ ಯಾರೂ ನೋಡುತ್ತಿರುವುದಿಲ್ಲ. ರಿಪೋರ್ಟಿನ ಕೊನೆಯ ಅಭಿಪ್ರಾಯದ ಸಾಲಿನಲ್ಲಿ ಡಿಸಿಡಿಎ, ಎಂಸಿಡಿಎ, ಎಂಸಿಎಂಎ ಈ ಮೂರರಲ್ಲಿ ಒಂದು ಪದ ಇರಲೇಬೇಕು. ಜೊತೆಗೆ ಬುಡದ ಚಿತ್ರದ ಪ್ರಿಂಟ್ ಇರಬೇಕು. ಈ ಸೆಂಟರಿನ ರಿಪೋರ್ಟಿನಲ್ಲಿ ಚಿತ್ರ ಇರುತ್ತದೆ, ಪದ ಕೆಲವು ಸಲ ಇರುವುದಿಲ್ಲ. ಕೇಳಿದರೆ ತಕ್ಷಣ ಸೇರಿಸಿಕೊಡುತ್ತಾರೆ. ಕೌಂಟರ್ ಬಿಡುವ ಮುಂಚೆ ಓದಿ, ಇಲ್ಲದಿದ್ದರೆ ಕೇಳಿ. ತಾಲೂಕಿನ ಡಾಕ್ಟರು, ಆಶಾ ಕಾರ್ಯಕರ್ತೆ, ಹೆರಿಗೆ ಮಾಡಿಸುವವರು ಎಲ್ಲರೂ ಓದುವುದು ಆ ಕೊನೆಯ ಸಾಲನ್ನೇ. ತಾಯಿ ಕಾರ್ಡಿನ ಮೇಲೂ ಆ ಪದವನ್ನು ದೊಡ್ಡದಾಗಿ ಬರೆಸಿಕೊಳ್ಳುವುದು ಒಳ್ಳೆಯದು.

ಹೆಸರಿಡುವ ಪದ್ಧತಿಯಲ್ಲೂ ಅದೇ ಅಜಾಗರೂಕತೆ. ‘ಟ್ವಿನ್ ಎ’, ‘ಟ್ವಿನ್ ಬಿ’ ಎಂದಷ್ಟೇ ಬರೆಯುತ್ತಾರೆ. ಮುಂದಿನ ಸಲ ಬೇರೆ ಡಾಕ್ಟರು ಬಲಗಡೆಯದನ್ನು ಎ ಎಂದರೆ ಲೆಕ್ಕ ಅದಲುಬದಲಾಗುತ್ತದೆ: ಒಂದು ಕೂಸು ಎರಡು ವಾರದಲ್ಲಿ ವಿಪರೀತ ಬೆಳೆದಂತೆ, ಇನ್ನೊಂದು ಬೆಳೆಯದೆ ನಿಂತಂತೆ ಕಾಣುತ್ತದೆ. ‘ಎ: ತಾಯಿಯ ಬಲಕ್ಕೆ, ಕೆಳಗೆ, ಬಳ್ಳಿ ಮಾಸಿನ ನಡುವೆ, ಬಿ: ಎಡಕ್ಕೆ, ಮೇಲೆ, ಬಳ್ಳಿ ಅಂಚಿನಲ್ಲಿ’ ಎಂದು ಒಂದು ಸಾಲು ಬರೆದರೆ ಗೊಂದಲವಿಲ್ಲ.

ಎರಡನೇ ತಿಂಗಳ ಹಳೆಯ ಸ್ಕ್ಯಾನ್ ಚಿತ್ರ ಇದ್ದರೆ ಕೇಳಿ ನೋಡುತ್ತಾರೆ, ಇದು ಮೆಚ್ಚಬೇಕಾದ ಅಭ್ಯಾಸ. ಏಳರಿಂದ ಒಂಬತ್ತನೇ ವಾರದ ಚಿತ್ರದಲ್ಲಿ ದಪ್ಪ ಅಂಚಿನ ಎರಡು ಬೇರೆ ಬೇರೆ ಚೀಲ ಕಂಡರೆ ಮಾಸು ಎರಡು ಎಂಬುದು ಅಲ್ಲಿಗೇ ತೀರ್ಮಾನ. ಆ ಚಿತ್ರ ಕಾಗದ ಬೆಳಕಿಗೆ, ಬಿಸಿಗೆ ಮಸುಕಾಗುತ್ತದೆ. ಬಂದ ದಿನವೇ ಮೊಬೈಲಿನಲ್ಲಿ ಫೋಟೋ ತೆಗೆದಿಡಿ.

ಮಾಸು ಎರಡು ಎಂದಾದರೆ ಮುಂದಿನ ದಾರಿ ಸ್ವಲ್ಪ ಸರಳ: ಟಿಫ್ಫಾ ನಂತರ ನಾಲ್ಕು ವಾರಕ್ಕೊಮ್ಮೆ ಬೆಳವಣಿಗೆ ಸ್ಕ್ಯಾನ್, ಎಲ್ಲ ಸರಿಯಿದ್ದರೆ 37 ವಾರ ತುಂಬಿದ ಮೇಲೆ ಹೆರಿಗೆ. ಎಂಸಿಡಿಎ ಆದರೆ ಲೆಕ್ಕವೇ ಬೇರೆ. ಒಂದೇ ಮಾಸಿನೊಳಗೆ ಎರಡು ಕೂಸುಗಳ ರಕ್ತನಾಳಗಳು ಹೆಚ್ಚುಕಡಿಮೆ ಪ್ರತಿ ಸಲವೂ ಒಂದಕ್ಕೊಂದು ಕೂಡಿರುತ್ತವೆ. ಹರಿವು ಎರಡೂ ಕಡೆ ಸಮವಾಗಿದ್ದರೆ ತೊಂದರೆಯಿಲ್ಲ. ನೂರರಲ್ಲಿ 10ರಿಂದ 15 ಬಸುರಿಯರಲ್ಲಿ ಹರಿವು ಒಂದೇ ಕಡೆಗೆ ವಾಲುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆ ಬಲ್ಲ ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಕೊನೆ ಭಾಗದ ಹೊಲ ಒಣಗುತ್ತದೆ, ಮೇಲ್ಭಾಗದ ಹೊಲ ನೀರು ಹೆಚ್ಚಾಗಿ ಸವಳು-ಜವಳಾಗುತ್ತದೆ. ಕೆಡುವುದು ಎರಡೂ. ರಕ್ತ ಕಳೆದುಕೊಳ್ಳುವ ಕೂಸಿಗೆ ಮೂತ್ರ ಕಡಿಮೆಯಾಗಿ ಸುತ್ತಲ ನೀರು ಬತ್ತುತ್ತದೆ. ರಕ್ತ ಪಡೆಯುವ ಕೂಸಿಗೆ ನೀರು ವಿಪರೀತವಾಗಿ ಗುಂಡಿಗೆಯ ಮೇಲೆ ಭಾರ ಬೀಳುತ್ತದೆ. ಇದೇ ಟಿಟಿಟಿಎಸ್. ಸುಮ್ಮನೆ ಬಿಟ್ಟರೆ ಎರಡೂ ಕೂಸು ಉಳಿಯುವುದು ಕಷ್ಟ. ಹೊತ್ತಿಗೆ ಸರಿಯಾಗಿ ಗೊತ್ತಾದರೆ, 16ರಿಂದ 26 ವಾರದ ನಡುವೆ ಕೂಡಿಕೊಂಡ ನಾಳಗಳನ್ನು ಲೇಸರಿನಿಂದ ಮುಚ್ಚುವ ಚಿಕಿತ್ಸೆ ಇದೆ. ಅದಕ್ಕೆ ಬೆಂಗಳೂರಿಗೋ ಹೈದರಾಬಾದಿಗೋ ಹೋಗಬೇಕು.

ಆದ್ದರಿಂದ ಎಂಸಿಡಿಎಗೆ 16ನೇ ವಾರದಿಂದ ಎರಡು ವಾರಕ್ಕೊಮ್ಮೆ ಸ್ಕ್ಯಾನ್ ಆಗಬೇಕು. 36ನೇ ವಾರದವರೆಗೆ ಎಣಿಸಿದರೆ ಹನ್ನೊಂದು ಸಲ. ಲಿಂಗಸುಗೂರು, ದೇವದುರ್ಗ, ಮಸ್ಕಿಯಿಂದ ಬರುವವರಿಗೆ ಇದು ಸಣ್ಣ ಮಾತಲ್ಲ, ಕೂಲಿ ಬಿಟ್ಟು ಬಸ್ಸಿನಲ್ಲಿ ಹನ್ನೊಂದು ಸಲ. ಸೆಂಟರಿನ ಕೊರತೆ ಕಾಣುವುದು ಇಲ್ಲಿಯೇ. ಮೊದಲ ಸ್ಕ್ಯಾನ್ ದಿನವೇ ಮುಂದಿನ ಎಲ್ಲ ದಿನಾಂಕಗಳ ಪಟ್ಟಿ ಮಾಡಿ ಕೊಡಬಹುದು, ಕೊಡುವುದಿಲ್ಲ. ‘ತಿಂಗಳು ಬಿಟ್ಟು ಬರ್ರಿ’ ಎಂದು ಒಂಟಿ ಕೂಸಿನ ಲೆಕ್ಕದಲ್ಲೇ ಕೌಂಟರಿನವರು ಹೇಳಿ ಕಳಿಸುವುದುಂಟು. ಟಿಟಿಟಿಎಸ್ ಎರಡು ವಾರದೊಳಗೆ ಬಲಿಯಬಲ್ಲದು. ತಿಂಗಳಿಗೊಮ್ಮೆ ನೋಡುವುದು ನೋಡದಿದ್ದಂತೆ.

ಆ ಸ್ಕ್ಯಾನುಗಳಲ್ಲಿ ಏನೇನು ಬರೆದಿರಬೇಕು ಎಂಬುದನ್ನು ಬಿಡಿಸಿ ಹೇಳುತ್ತೇವೆ, ಯಾವ ಸೆಂಟರಿಗೆ ಹೋದರೂ ಹೋಲಿಸಿ ನೋಡಬಹುದು. ಪ್ರತಿ ಕೂಸಿನ ಸುತ್ತಲ ನೀರಿನ ಅತಿ ಆಳದ ಜಾಗದ ಅಳತೆ, ಬೇರೆ ಬೇರೆಯಾಗಿ. 20 ವಾರದೊಳಗೆ ಒಂದು ಕಡೆ 2 ಸೆಂಟಿಮೀಟರಿಗಿಂತ ಕಡಿಮೆ, ಇನ್ನೊಂದು ಕಡೆ 8 ಸೆಂಟಿಮೀಟರಿಗಿಂತ ಹೆಚ್ಚು ಇದ್ದರೆ ಅದು ಟಿಟಿಟಿಎಸ್. ಇಬ್ಬರ ನೀರನ್ನು ಕೂಡಿಸಿ ‘ಲೈಕರ್ ಅಡಿಕ್ವೇಟ್’ (ನೀರು ಸಾಕಷ್ಟಿದೆ) ಎಂದು ಬರೆದರೆ ಆ ರಿಪೋರ್ಟಿಗೆ ಬೆಲೆಯಿಲ್ಲ, ಏಕೆಂದರೆ ಬತ್ತಿದ್ದಕ್ಕೆ ಉಕ್ಕಿದ್ದು ಸೇರಿದರೆ ಸರಾಸರಿ ಸರಿಯಾಗಿಯೇ ಕಾಣುತ್ತದೆ. ಎರಡೂ ಕೂಸುಗಳ ಮೂತ್ರಚೀಲ ತುಂಬಿ ಕಾಣುತ್ತಿದೆಯೇ ಎಂಬುದು ಎರಡನೆಯದು. ಅಂದಾಜು ತೂಕ ಮೂರನೆಯದು. ದೊಡ್ಡದರಿಂದ ಚಿಕ್ಕದನ್ನು ಕಳೆದು, ದೊಡ್ಡದರಿಂದ ಭಾಗಿಸಿ, ನೂರರಿಂದ ಗುಣಿಸಬೇಕು. ಒಂದು 1,200 ಗ್ರಾಂ, ಇನ್ನೊಂದು 900 ಗ್ರಾಂ ಆದರೆ ವ್ಯತ್ಯಾಸ ಶೇ 25. ಅಷ್ಟಾಯಿತೆಂದರೆ ಫೀಟಲ್ ಮೆಡಿಸಿನ್ (ಗರ್ಭದೊಳಗಿನ ಕೂಸಿನ ಚಿಕಿತ್ಸೆ) ತಜ್ಞರ ಕಣ್ಣಿಗೆ ಬೀಳಲೇಬೇಕು. ಹೊಕ್ಕುಳಬಳ್ಳಿಯ ಡಾಪ್ಲರ್, ಅಂದರೆ ರಕ್ತದ ಹರಿವಿನ ಅಳತೆ, ನಾಲ್ಕನೆಯದು. ಕೊನೆಯದು, 20ನೇ ವಾರದಿಂದ ಮಿದುಳಿನ ನಡುವಣ ಅಪಧಮನಿಯ ರಕ್ತದ ವೇಗ, ಎಂಸಿಎ-ಪಿಎಸ್‌ವಿ. ನೀರಿನಲ್ಲಿ ವ್ಯತ್ಯಾಸ ಕಾಣದೆಯೂ ಕೂದಲೆಳೆಯಂಥ ನಾಳಗಳ ಮೂಲಕ ನಿಧಾನವಾಗಿ ರಕ್ತ ಸೋರಿ ಒಂದು ಕೂಸು ರಕ್ತಹೀನ, ಇನ್ನೊಂದರಲ್ಲಿ ರಕ್ತ ಅತಿ ದಪ್ಪ ಆಗುವ ಟಿಎಪಿಎಸ್ ಎಂಬ ತೊಂದರೆ ಇದರಿಂದಲೇ ಗೊತ್ತಾಗುವುದು. ಈ ಸೆಂಟರಿನಲ್ಲಿ ಮೊದಲ ಮೂರನ್ನು ಸರಿಯಾಗಿ ಬರೆಯುತ್ತಾರೆ, ಬಳ್ಳಿಯ ಡಾಪ್ಲರನ್ನೂ ಬರೆಯುತ್ತಾರೆ. ಎಂಸಿಎ ಅಳತೆಯನ್ನು ಕೇಳಿದರೆ ಮಾತ್ರ ಮಾಡುತ್ತಾರೆ. ಯಂತ್ರ ಇದೆ, ಬಲ್ಲ ಕೈ ಇದೆ. ಕೇಳದೆಯೇ ಮಾಡುವ ರೂಢಿ ಬರಬೇಕು.

ಎರಡು ಸ್ಕ್ಯಾನುಗಳ ನಡುವೆ ಹೊಟ್ಟೆ ಏಕಾಏಕಿ ಉಬ್ಬಿ ಬಿಗಿದರೆ, ಮಲಗಿದರೆ ಉಸಿರು ಕಟ್ಟಿದಂತಾದರೆ, ನೋವು ಬಂದುಹೋಗಿ ಆಗುತ್ತಿದ್ದರೆ ಮುಂದಿನ ದಿನಾಂಕಕ್ಕೆ ಕಾಯಬೇಡಿ, ಅದೇ ದಿನ ಹೋಗಿ. ‘ಜೋಡಿ ಅದಾವ, ಹೊಟ್ಟಿ ದೊಡ್ಡದಾಗೂದೇ’ ಎಂದು ಹಿರಿಯರು ಸಮಾಧಾನ ಹೇಳಬಹುದು. ದಿನದಿಂದ ದಿನಕ್ಕೆ ಬೆಳೆಯುವುದು ಸಹಜ, ಮೂರು ನಾಲ್ಕು ದಿನದಲ್ಲಿ ಉಬ್ಬುವುದು ಸಹಜ ಅಲ್ಲ.

ಖರ್ಚಿನ ಮಾತು. ಹನ್ನೊಂದೂ ಸ್ಕ್ಯಾನ್ ಖಾಸಗಿಯಲ್ಲೇ ಆಗಬೇಕೆಂದಿಲ್ಲ. ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಬಸುರಿಯರಿಗೆ ಉಚಿತ ತಪಾಸಣೆ ಇದೆ. ರಾಯಚೂರು, ಬಳ್ಳಾರಿ, ಕೊಪ್ಪಳ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿವೆ. ಮಾಸಿನ ಲೆಕ್ಕ ಹೇಳುವ ಮೊದಲ ಸ್ಕ್ಯಾನನ್ನು ಅನುಭವಿಗಳ ಕೈಯಲ್ಲಿ ಮಾಡಿಸಿ, ಎಂಸಿಡಿಎ ಎಂದು ಬರೆದ ಆ ಕಾಗದ ಹಿಡಿದು ಸರ್ಕಾರಿ ಆಸ್ಪತ್ರೆಯಲ್ಲಿ ಹೆಸರು ಬರೆಸಿ, ಎರಡೂ ಕಡೆಯ ದಿನಾಂಕ ಹೊಂದಿಸಿಕೊಂಡರೆ ಹೊರೆ ಇಳಿಯುತ್ತದೆ. ಎಂಸಿಡಿಎ ಹೆರಿಗೆಯನ್ನು ಸಾಮಾನ್ಯವಾಗಿ 36ನೇ ವಾರ ತುಂಬಿದ ಮೇಲೆ ಯೋಜಿಸುತ್ತಾರೆ. ಒಂದೇ ಚೀಲದ ಎಂಸಿಎಂಎ ಆದರೆ ಬಳ್ಳಿ ತೊಡಕಾಗುವ ಅಪಾಯದಿಂದ 32ರಿಂದ 34 ವಾರದೊಳಗೆ ಸಿಸೇರಿಯನ್. ಎರಡಕ್ಕೂ ನವಜಾತ ಶಿಶು ಘಟಕ ಇರುವ ಆಸ್ಪತ್ರೆಯೇ ಬೇಕು.

ಇನ್ನು ಮನೆಯವರ ಮೊದಲ ಪ್ರಶ್ನೆ. ಎಂಸಿಡಿಎ ಎಂದರೆ ಕೂಸುಗಳು ತದ್ರೂಪಿ ಎಂದೇ ಹೇಳಬಹುದು. ಅಪವಾದಗಳು ವರದಿಯಾಗಿವೆ, ಬೆರಳೆಣಿಕೆಯಷ್ಟು. ಡಿಸಿಡಿಎ ಎಂದರೆ ತದ್ರೂಪಿ ಅಲ್ಲ ಎಂದು ಬಹಳ ಡಾಕ್ಟರುಗಳೂ ಬಾಯಿತಪ್ಪಿ ಹೇಳುತ್ತಾರೆ, ಈ ಸೆಂಟರಿನಲ್ಲೂ ಹೇಳುತ್ತಾರೆ. ಅದು ತಪ್ಪು. ಮೊದಲ ಮೂರು ದಿನದಲ್ಲಿ ಎರಡಾದ ತದ್ರೂಪಿಗಳಿಗೂ ಮಾಸು ಎರಡೇ ಇರುತ್ತದೆ. ಎರಡು ಮಾಸಿನ, ಒಂದೇ ಲಿಂಗದ ಜೋಡಿಗಳಲ್ಲಿ ಸುಮಾರು ಐದರಲ್ಲೊಂದು ತದ್ರೂಪಿ. ಅದನ್ನು ಸ್ಕ್ಯಾನ್ ಹೇಳಲಾರದು. ಹುಟ್ಟಿದ ಮೇಲೆ ಮುಖ ನೋಡಿ ಹೇಳುವುದೂ ಮೋಸ ಮಾಡುತ್ತದೆ, ಏಕೆಂದರೆ ತದ್ರೂಪಿಗಳಲ್ಲೂ ಹುಟ್ಟಿನ ತೂಕ ಬಹಳ ಬೇರೆ ಇರಬಹುದು. ಬೆರಳಚ್ಚಂತೂ ಬೇರೆಯೇ. ಡಿಎನ್‌ಎ ಕೂಡ ಅಕ್ಷರ ಬಿಡದೆ ಒಂದೇ ಅಲ್ಲ: ಐಸ್‌ಲ್ಯಾಂಡಿನಲ್ಲಿ 381 ಜೋಡಿಗಳನ್ನು ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಭ್ರೂಣದ ಆರಂಭದ ದಿನಗಳಲ್ಲೇ ಆದ ಬದಲಾವಣೆಗಳು ಜೋಡಿಗೆ ಸರಾಸರಿ 5.2ರಂತೆ ಸಿಕ್ಕಿವೆ.

ಖಚಿತವಾಗಿ ತಿಳಿಯಬೇಕೆಂದರೆ ಎರಡು ದಾರಿ. ಹೆರಿಗೆಯ ಹೊತ್ತಿಗೆ ಮಾಸನ್ನು ಬಿಸಾಡುವ ಮುಂಚೆ ನಡುವಿನ ಪೊರೆಯ ತುಂಡನ್ನು ಪೆಥಾಲಜಿಗೆ ಕಳಿಸಲು ಮೊದಲೇ ಕೇಳಿಕೊಳ್ಳಿ; ಎರಡೇ ಪದರ ಇದ್ದರೆ ಮಾಸು ಒಂದು, ಅಲ್ಲಿಗೆ ತದ್ರೂಪಿ. ನಾಲ್ಕು ಪದರ ಇದ್ದು ಎರಡೂ ಕೂಸು ಒಂದೇ ಲಿಂಗದ್ದಾದರೆ ಡಿಎನ್‌ಎ ಪರೀಕ್ಷೆಯೇ ಗತಿ. ಸೆಂಟರಿನ ಲ್ಯಾಬ್ ಕೌಂಟರಿನಲ್ಲಿ ಕೆನ್ನೆಯ ಒಳಗಿನ ಸ್ವಾಬ್ ತೆಗೆದು ಹೊರ ಊರಿನ ಲ್ಯಾಬಿಗೆ ಕಳಿಸುತ್ತಾರೆ. ರಕ್ತ ಕೊಡುತ್ತೇವೆಂದರೂ ಸ್ವಾಬೇ ಮೇಲು ಎನ್ನುತ್ತಾರೆ, ಸರಿಯಾದ ಮಾತು: ಗರ್ಭದಲ್ಲಿ ನಾಳ ಕೂಡಿದ್ದರೆ ಒಬ್ಬರ ರಕ್ತಕಣ ಇನ್ನೊಬ್ಬರಲ್ಲಿ ನೆಲೆಸಿ ಲೆಕ್ಕ ತಪ್ಪಿಸಬಹುದು. ಹಾಲು ಕುಡಿಸಿ ಅರ್ಧ ಗಂಟೆ ಆಗಿರಬೇಕು, ಇಲ್ಲದಿದ್ದರೆ ತಾಯಿಯ ಜೀವಕೋಶ ಸ್ವಾಬಿಗೆ ಸೇರುತ್ತದೆ. ಒಂದು ಕೂಸಿಗೆ ಮುಟ್ಟಿಸಿದ ಕೈಗವಸಿನಲ್ಲೇ ಇನ್ನೊಂದರದು ತೆಗೆಯಕೂಡದು. ಹೆಸರಿನ ಚೀಟಿಯನ್ನು ಸ್ವಾಬ್ ತೆಗೆಯುವ ಮುಂಚೆಯೇ ಅಂಟಿಸಿಡಬೇಕು. ತೆಗೆದ ಸ್ವಾಬನ್ನು ನೆರಳಿನಲ್ಲಿ ಒಣಗಿಸಿ ಕಾಗದದ ಲಕೋಟೆಗೆ ಹಾಕಬೇಕು. ಕೌಂಟರಿನ ಹುಡುಗರು ಅವಸರಕ್ಕೆ ಪ್ಲಾಸ್ಟಿಕ್ ಕವರಿಗೆ ಹಾಕುವುದುಂಟು, ತಡೆದು ಹೇಳಿ. ರಾಯಚೂರಿನ ಮೇ ತಿಂಗಳ ಬಿಸಿಲಿನಲ್ಲಿ ಪ್ಲಾಸ್ಟಿಕ್ಕಿನೊಳಗೆ ತೇವ ಉಳಿದ ಸ್ವಾಬ್ ಕೊರಿಯರ್ ತಲುಪುವ ಹೊತ್ತಿಗೆ ಬೂಷ್ಟು ಹಿಡಿದಿರುತ್ತದೆ, ಮತ್ತೊಂದು ಸಲ ಕೂಸುಗಳನ್ನು ಕರೆದುಕೊಂಡು ಬರಬೇಕಾಗುತ್ತದೆ.